ಪೋಷಕರಿಂದ ಮಕ್ಕಳ ಅಪಹರಣ

ಪೋಷಕರಿಂದ ಮಕ್ಕಳ ಅಪಹರಣ ಎಂದರೆ ತಂದೆ ಅಥವಾ ತಾಯಿ, ಇನ್ನೊಬ್ಬ ಪೋಷಕರ ಒಪ್ಪಿಗೆಯಿಲ್ಲದೆ ಇಲ್ಲವೇ ನ್ಯಾಯಾಲಯದ ಆದೇಶವನ್ನು ಮೀರಿ, ಮಗುವನ್ನು ಬೇರೆಡೆಗೆ ಕರೆದೊಯ್ಯುವುದು ಅಥವಾ ಹಿಂದಿರುಗಿಸದೆ ಇಟ್ಟುಕೊಳ್ಳುವುದು. ದಾಂಪತ್ಯ ಮುರಿದುಬಿದ್ದಾಗ ಇಂತಹ ಪ್ರಕರಣಗಳು ಸಂಭವಿಸುತ್ತವೆ. ಕರೆದೊಯ್ದವರು ಹೆತ್ತವರೇ ಆದುದರಿಂದ ಮಗು ಸುರಕ್ಷಿತವೆಂದು ಭಾವಿಸುವುದುಂಟು. ಆದರೆ ಮನೆ, ಶಾಲೆ, ಬಂಧುಗಳು, ಕೆಲವೊಮ್ಮೆ ಆಡುವ ಭಾಷೆಯಿಂದಲೂ ಮಗು ಒಮ್ಮೆಲೇ ದೂರವಾಗುತ್ತದೆ.

ಹೇಗ್ ಒಪ್ಪಂದ

1980ರ ಅಕ್ಟೋಬರ್ 25ರಂದು ರೂಪುಗೊಂಡ ಹೇಗ್ ಒಪ್ಪಂದವು 1983ರ ಡಿಸೆಂಬರ್ 1ರಂದು ಜಾರಿಗೆ ಬಂದಿತು. ಗಡಿ ದಾಟಿಸಲಾದ 16 ವರ್ಷದೊಳಗಿನ ಮಗುವನ್ನು ಅದು ವಾಸವಾಗಿದ್ದ ದೇಶಕ್ಕೆ ಶೀಘ್ರವಾಗಿ ಮರಳಿಸುವುದು ಇದರ ಉದ್ದೇಶ. ಮಗು ಯಾರ ವಶದಲ್ಲಿರಬೇಕೆಂಬುದನ್ನು ಆ ದೇಶದ ನ್ಯಾಯಾಲಯವು ತೀರ್ಮಾನಿಸುತ್ತದೆ. ಮರಳಿಸಿದರೆ ಮಗುವಿಗೆ ಗಂಭೀರ ಅಪಾಯವಿದೆಯೆಂದು ಕಂಡುಬಂದಲ್ಲಿ, 13ನೇ ವಿಧಿಯನ್ವಯ ಕೋರಿಕೆಯನ್ನು ನಿರಾಕರಿಸಬಹುದು.

ಭಾರತದಲ್ಲಿ

ಭಾರತವು ಈ ಒಪ್ಪಂದಕ್ಕೆ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗವು 2009ರಲ್ಲಿ ತನ್ನ 218ನೇ ವರದಿಯಲ್ಲಿ ಶಿಫಾರಸು ಮಾಡಿತು. ಕೌಟುಂಬಿಕ ಹಿಂಸೆಯಿಂದ ಪಾರಾಗಿ ಮಗುವಿನೊಡನೆ ತವರಿಗೆ ಬಂದ ತಾಯಂದಿರಿಗೆ ಇದರಿಂದ ಅನ್ಯಾಯವಾದೀತೆಂಬ ಆಕ್ಷೇಪವೂ ಇದೆ. ಒಪ್ಪಂದವಿಲ್ಲದ ಕಾರಣ, ವಿದೇಶದಲ್ಲಿ ಉಳಿದ ಪೋಷಕರು ಸಾಮಾನ್ಯವಾಗಿ ಹೈಕೋರ್ಟ್‌ಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸುತ್ತಾರೆ. ವಿದೇಶಿ ನ್ಯಾಯಾಲಯದ ಆದೇಶವು ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ಹೇಳಿದೆ. ಕಾಣೆಯಾದ ಅಥವಾ ಸಂಕಷ್ಟದಲ್ಲಿರುವ ಮಕ್ಕಳ ನೆರವಿಗೆ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯಿದೆ.