ಬೇಬಿ ಬೆಟ್ಟದ ಧೂಳು ಮತ್ತು ಗಾಳಿಯ ಪರೀಕ್ಷೆ

ಹೇಮಗಿರಿಯನ್ನು ಹಾದುಬರುವ ಹೇಮಾವತಿಯು ಕಾವೇರಿಯೊಡಗೂಡಿ ಕನ್ನಂಬಾಡಿಯ ಅಣೆಕಟ್ಟಾದ ಕೃಷ್ಣರಾಜಸಾಗರದ ಜಲರಾಶಿಯಲ್ಲಿ ಲೀನವಾಗುವ ಈ ಸೀಮೆಯಲ್ಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವು ದನಗಳ ಜಾತ್ರೆಗೆ ಹೆಸರಾದಂತೆಯೇ ಕಲ್ಲುಗಣಿಗಳಿಗೂ ಹೆಸರಾಯಿತು. ಸಿಡಿಮದ್ದಿನ ಕಂಪನದಿಂದ ಅಣೆಕಟ್ಟಿಗೆ ವಿಪತ್ತು ಒದಗೀತೆಂಬ ಭೀತಿಯು ನ್ಯಾಯಪೀಠದ ಮುಂದೆ ಬಂದು, 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರು ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಅಣೆಕಟ್ಟಿನ ಕ್ಷೇಮವನ್ನು ಕುರಿತ ಈ ಕಾಳಜಿ ಸರ್ವಥಾ ಯುಕ್ತವಾದುದು. ಆದರೆ ಗಣಿಗಳೂ ಜಲ್ಲಿ ಕ್ರಷರುಗಳೂ ಇರುವೆಡೆಯಲ್ಲೆಲ್ಲ, ಜನರು ಉಸಿರಾಡುವ ಗಾಳಿಯ ಕ್ಷೇಮವನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸಬೇಕಾಗುತ್ತದೆ.

ಗಾಳಿಯ ಪರೀಕ್ಷೆಯ ಕ್ರಮ ಸರಳವಾದುದು. ತೂಕಮಾಡಿದ ಶೋಧಕ ಕಾಗದದ ಮೂಲಕ ಯಂತ್ರವೊಂದು 24 ಗಂಟೆಗಳ ಕಾಲ ಗಾಳಿಯನ್ನು ಸೆಳೆಯುತ್ತದೆ. ಕಾಗದವನ್ನು ಮರಳಿ ತೂಗಿದಾಗ ಧೂಳಿನ ಪ್ರಮಾಣ ತಿಳಿಯುತ್ತದೆ. ಆ ಧೂಳನ್ನು ಆಮ್ಲದಲ್ಲಿ ಕರಗಿಸಿ ಪರೀಕ್ಷಿಸಿದರೆ ಸೀಸವೇ ಮೊದಲಾದ ಲೋಹಗಳ ಅಂಶವೂ ಗೊತ್ತಾಗುತ್ತದೆ. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಸೀಸಕ್ಕೆ, 2009ರ ರಾಷ್ಟ್ರೀಯ ಮಾನದಂಡವು ಒಂದು ಘನಮೀಟರು ಗಾಳಿಯಲ್ಲಿ ದಿನದ ಸರಾಸರಿ 1 ಮೈಕ್ರೋಗ್ರಾಂ, ವರ್ಷದ ಸರಾಸರಿ 0.5 ಮೈಕ್ರೋಗ್ರಾಂ ಎಂಬ ಮಿತಿಯನ್ನು ವಿಧಿಸಿದೆ.

ಆದರೆ ಧೂಳಿನ ತೂಕವೊಂದೇ ಅದರ ಸ್ವರೂಪವನ್ನು ಹೇಳಲಾರದು. ಘನಮೀಟರು ಗಾಳಿಯಲ್ಲಿ 100 ಮೈಕ್ರೋಗ್ರಾಂ ಧೂಳಿದೆಯೆಂದು ಭಾವಿಸೋಣ. ನೂರಕ್ಕೆ ಎರಡು ಪಾಲು ಸೀಸವುಳ್ಳ ಅದಿರಿನ ಧೂಳು ಅದಾದರೆ, ಸೀಸವೇ 2 ಮೈಕ್ರೋಗ್ರಾಂ ಆಗಿ ದಿನದ ಮಿತಿಯ ಇಮ್ಮಡಿಯಾಗುವುದು. ಜಲ್ಲಿಗಾಗಿ ಒಡೆಯುವ ಗ್ರಾನೈಟಿನಲ್ಲಾದರೋ ಸೀಸವಿರುವುದು ಸಾಮಾನ್ಯವಾಗಿ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 20 ಪಾಲು ಮಾತ್ರ. ಅಷ್ಟೇ ಧೂಳಿನಲ್ಲಿ ಸೀಸವು 0.002 ಮೈಕ್ರೋಗ್ರಾಮಿಗೆ ಇಳಿಯುವುದು. ರಾಜಸ್ಥಾನದ ಜಾವರದಂತಹ ಸೀಸದ ಗಣಿಯ ಬಳಿ ಮೊದಲು ಕೇಳಬೇಕಾದ ಸೀಸದ ಪ್ರಶ್ನೆಯೇ ಗ್ರಾನೈಟಿನ ಗಣಿಯ ಬಳಿಯೂ ಮೊದಲ ಪ್ರಶ್ನೆಯಾಗಲಾರದು.

ಕಲ್ಲುಗಣಿಯ ಧೂಳಿನ ನಿಜವಾದ ಉಪದ್ರವವು ಸಿಲಿಕಾದಿಂದ ಒದಗುತ್ತದೆ. ಗ್ರಾನೈಟಿನ ಸುಮಾರು ಕಾಲುಭಾಗ ಸಿಲಿಕಾಮಯವಾದ ಕ್ವಾರ್ಟ್ಸ್. ಕಲ್ಲನ್ನು ಕೊರೆದು, ಒಡೆದು, ಜಲ್ಲಿಮಾಡುವಾಗ ಏಳುವ ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಗುಣವಾಗದ ಸಿಲಿಕೋಸಿಸ್ ರೋಗವನ್ನು ತರುತ್ತವೆ. ಗಾಳಿಯ ಗುಣಮಟ್ಟವನ್ನು ನಿರ್ಣಯಿಸುವ ನಮ್ಮ ರಾಷ್ಟ್ರೀಯ ಪಟ್ಟಿಯ 12 ಮಾಲಿನ್ಯಕಾರಕಗಳಲ್ಲಿ ಸೀಸವುಂಟು, ಸಿಲಿಕಾ ಇಲ್ಲ. ಹೀಗಾಗಿ ಕ್ರಷರಿನ ಗಾಳಿಯು ಸೀಸದ ಪರೀಕ್ಷೆಯಲ್ಲಿ ನಿರ್ದೋಷಿಯೆನಿಸಿಕೊಂಡೂ ಕೂಲಿಯಾಳಿನ ಎದೆಗೆ ಘಾತುಕವಾಗಿರುವುದು ಸಾಧ್ಯ.

ಆದುದರಿಂದ ಯಾವ ಬೆಟ್ಟವನ್ನು ಒಡೆಯುವರೋ ಆ ಬೆಟ್ಟದ ಶಿಲೆಯನ್ನು ಮೊದಲು ಪರೀಕ್ಷಿಸಿ, ಅದಕ್ಕನುಗುಣವಾಗಿಯೇ ಗಾಳಿಯಲ್ಲಿ ಹುಡುಕತಕ್ಕ ವಸ್ತುವನ್ನು ನಿಶ್ಚಯಿಸಬೇಕು. ಯಂತ್ರವನ್ನು ಗಣಿಯ ಕಚೇರಿಯ ಬಳಿಯಲ್ಲಷ್ಟೇ ಇರಿಸದೆ, ಗಾಳಿ ಬೀಸುವ ದಿಕ್ಕಿನ ಊರಿನಲ್ಲಿಯೂ ಶಾಲೆಯ ಅಂಗಳದಲ್ಲಿಯೂ ಇರಿಸಬೇಕು. ಫಲಿತಾಂಶವನ್ನು ತಿಳಿಗನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕು. ಉಸಿರಾಡುವವರಿಗೆ ತಮ್ಮ ಉಸಿರಿನಲ್ಲೇನಿದೆಯೆಂದು ತಿಳಿಯುವ ಹಕ್ಕು ಇದೆ.