ಬೀಪ್ ಕೇಳಿ, ಬಿಡಿಭಾಗ ಕಳಚಿ

ಬೆಂಗಳೂರಿನ ಪುರಭವನದ ಹತ್ತಿರದ ಸಾದರ ಪತ್ರಪ್ಪ ರಸ್ತೆ ಎಲ್ಲರ ಬಾಯಲ್ಲೂ ಎಸ್.ಪಿ. ರೋಡ್. ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಈ ಪೇಟೆಯ ಗಲ್ಲಿಗಳಲ್ಲಿ, ಇಕ್ಕಟ್ಟಿನ ಮಹಡಿ ಮಳಿಗೆಗಳಲ್ಲಿ ಹಳೆಯ ಡೆಸ್ಕ್‌ಟಾಪ್ ರಿಪೇರಿಯೂ ಒಂದು ಕಸುಬಾಗಿ ಉಳಿದಿದೆ. ಜೆರಾಕ್ಸ್ ಅಂಗಡಿ, ಟೈಪಿಂಗ್ ಸೆಂಟರ್, ಸಣ್ಣ ಶಾಲೆಗಳಲ್ಲಿ ವರ್ಷಗಟ್ಟಲೆ ದುಡಿದ ಯಂತ್ರಗಳು ಇಂಥ ಮೇಜುಗಳಿಗೆ ಬರುತ್ತವೆ. ಅವು ಹೊತ್ತು ತರುವ ದೂರುಗಳಲ್ಲಿ ತೀರಾ ಸಾಮಾನ್ಯವಾದದ್ದು: ‘ಫ್ಯಾನ್ ತಿರುಗ್ತಿದೆ, ಲೈಟ್ ಉರೀತಿದೆ, ಡಿಸ್‌ಪ್ಲೇ ಮಾತ್ರ ಬರ್ತಿಲ್ಲ.’

ಪರದೆ ಕಪ್ಪಾಗಲು ಕಾರಣ ಹತ್ತಾರು. ಎಲ್ಲವನ್ನೂ ಬಲ್ಲವನಿಗಿಂತ ಯಾವುದನ್ನು ಮೊದಲು ನೋಡಬೇಕೆಂದು ಬಲ್ಲವನೇ ಇಲ್ಲಿ ಒಳ್ಳೆಯ ಮೆಕ್ಯಾನಿಕ್. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ಅನುಮಾನ ಕೊನೆಗೆ: ಇದು ಕಸುಬಿನ ಕ್ರಮ.

ಹಾಗಾಗಿ ಡಬ್ಬ ಬಿಚ್ಚುವ ಮೊದಲು ಮಾನಿಟರ್. ‘ನೋ ಸಿಗ್ನಲ್’ ಎಂಬ ಬರಹ ಮೂಡಿದರೆ ಮಾನಿಟರಿಗೆ ಜೀವವಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಅಷ್ಟೇ. ಏನೂ ಮೂಡದಿದ್ದರೆ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯುತ್ತಾರೆ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಪರದೆಯ ಹಿಂಬದಿಯ ಬೆಳಕು, ಕಂಪ್ಯೂಟರ್ ನಿರಪರಾಧಿ. ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಯಂತ್ರದಲ್ಲಿ ಮದರ್‌ಬೋರ್ಡಿನ ವಿಜಿಎ ಕಿಂಡಿ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕೇಬಲ್ ಸಿಕ್ಕಿಸಿ ‘ಕೆಟ್ಟಿದೆ’ ಎಂದು ತರುವವರೂ ಉಂಟು.

ಮುಂದಿನದು ಕಿವಿಯ ಕೆಲಸ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಿಂದಲೂ ಡೆಸ್ಕ್‌ಟಾಪ್‌ಗಳು ಸ್ವಿಚ್ ಹಾಕಿದೊಡನೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಪರದೆ ಎಚ್ಚರಗೊಳ್ಳುವ ಮೊದಲೇ ತೊಂದರೆ ಕಂಡರೆ ಅದನ್ನು ಹೇಳಿಕೊಳ್ಳಲು ಇರುವುದು ಪುಟ್ಟ ಸ್ಪೀಕರ್ ಒಂದೇ. ಈ ಪರೀಕ್ಷೆ ನಡೆಸುವುದು ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ತಂತ್ರಾಂಶ. ಅವಾರ್ಡ್ ಬಯೋಸ್ ಇರುವ ಹಳೆಯ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ದೋಷ. ಎಎಂಐ ಬಯೋಸ್‌ನಲ್ಲಿ ಮೂರು ಗಿಡ್ಡ ಬೀಪ್ ಎಂದರೆ ರ‍್ಯಾಮ್ ಕಡೆ ನೋಡಬೇಕು.

ಸದ್ದೇ ಇಲ್ಲದಿದ್ದರೆ ಕಳಚುವ ಕೆಲಸ ಶುರು. ಪ್ಲಗ್ ಕಿತ್ತು ಹಾರ್ಡ್ ಡಿಸ್ಕ್, ಸಿಡಿ ಡ್ರೈವ್, ಹೆಚ್ಚುವರಿ ಕಾರ್ಡುಗಳನ್ನೆಲ್ಲ ಬಿಡಿಸುತ್ತಾರೆ. ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಕಡ್ಡಿ ಉಳಿಸಿ ಮತ್ತೆ ಕರೆಂಟ್ ಕೊಡುತ್ತಾರೆ. ಆಗಲೂ ಕಪ್ಪಾಗಿದ್ದರೆ ಆ ರ‍್ಯಾಮನ್ನೂ ತೆಗೆದು ನೋಡುತ್ತಾರೆ. ರ‍್ಯಾಮ್ ಇಲ್ಲವೆಂದು ಬೋರ್ಡ್ ಬೀಪ್ ಹೊಡೆದರೆ ಅದೇ ಶುಭವಾರ್ತೆ: ಬೋರ್ಡು, ಪ್ರೊಸೆಸರ್ ಎರಡೂ ಬದುಕಿವೆ. ಅನೇಕ ಸಲ ರ‍್ಯಾಮಿನ ಚಿನ್ನದ ಲೇಪದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿನ ಧೂಳು ಊದಿ, ‘ಟಕ್’ ಎನ್ನುವಂತೆ ಕೂರಿಸಿದರೆ ಪರದೆ ಬೆಳಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಅನುಮಾನ ಕರೆಂಟ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ. ಫ್ಯಾನ್ ತಿರುಗಿದರೆ ಕರೆಂಟ್ ಸರಿಯಿದೆ ಎಂದುಕೊಳ್ಳುವುದು ತಪ್ಪು. ಫ್ಯಾನಿಗೆ ಬೇಕಾದ್ದು 12 ವೋಲ್ಟ್. ಬೋರ್ಡಿಗೆ 5 ಮತ್ತು 3.3 ವೋಲ್ಟ್ ಕೂಡ ನಿಖರವಾಗಿ ಸಿಗಬೇಕು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯಲ್ಲಿ ತಂತಿಗಳ ಬಣ್ಣವೇ ಗುರುತು: ಹಳದಿ 12, ಕೆಂಪು 5, ಕಿತ್ತಳೆ 3.3. ಮೆಕ್ಯಾನಿಕ್ ಒಂದೊಂದಕ್ಕೂ ಮಲ್ಟಿಮೀಟರ್ ಹಿಡಿಯುತ್ತಾನೆ. ಮನೆಯಲ್ಲಿ ಮಾತ್ರ ಯಾರೂ ಈ ಪೆಟ್ಟಿಗೆಯನ್ನು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು.

ಬೋರ್ಡಿನ ಸರದಿ ಕೊನೆಗೆ. ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಮದರ್‌ಬೋರ್ಡುಗಳನ್ನು ಕೆಡಿಸಿದವು. ಪ್ರೊಸೆಸರಿನ ಸುತ್ತ ನಿಂತ ಈ ಪುಟ್ಟ ಡಬ್ಬಿಗಳ ತಲೆ ಉಬ್ಬಿದ್ದರೆ, ಕಂದು ಕಲೆ ಸೋರಿದ್ದರೆ ದೋಷ ಕಣ್ಣಿಗೇ ಕಾಣುತ್ತದೆ. ಕಾಯಿಸಿ ಬಿಡಿಸಿ, ಅದೇ ಅಳತೆಯ ಹೊಸದನ್ನು ಬೆಸುಗೆ ಹಾಕಿದರೆ ಬೋರ್ಡ್ ಮತ್ತೆ ವರ್ಷಗಟ್ಟಲೆ ದುಡಿಯಬಲ್ಲದು. ಕಣ್ಣಿಗೆ ಕಾಣದ ದೋಷಕ್ಕೆ ಡೀಬಗ್ ಕಾರ್ಡ್ ಇದೆ: ಸ್ಲಾಟಿಗೆ ಸಿಕ್ಕಿಸಿದರೆ ಪರೀಕ್ಷೆ ಎಲ್ಲಿ ನಿಂತಿತೆಂಬುದನ್ನು ಎರಡಂಕಿಯ ಸಂಕೇತದಲ್ಲಿ ತೋರಿಸುತ್ತದೆ.

ಈ ಕಸುಬಿಗೆ ಬುಡವೇ ಕಳಚಿ ಜೋಡಿಸಬಹುದಾದ ಯಂತ್ರ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ; ಅಲ್ಲಿ ರಬ್ಬರಿಗೂ ಕೆಲಸವಿಲ್ಲ, ಬದಲಿ ಕಡ್ಡಿಗೂ ಜಾಗವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದೂ ಹಳೆಯ ಡೆಸ್ಕ್‌ಟಾಪ್‌ಗಳನ್ನು ಗುಜರಿಯತ್ತ ದೂಡಿದೆ. ಆದರೂ ಲಿನಕ್ಸ್ ಹಾಕಿಕೊಂಡು ಪತ್ರ ಟೈಪ್ ಮಾಡಲು, ಲೆಕ್ಕ ಬರೆಯಲು ಅವುಗಳಲ್ಲಿ ಹೆಚ್ಚಿನವು ಇಂದಿಗೂ ಸಾಕು.

ನಿಮ್ಮ ಯಂತ್ರ ಕಪ್ಪಾದರೆ ಕಡತಗಳು ಹೋದವೆಂದು ಗಾಬರಿಯಾಗಬೇಡಿ. ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಕ್ಷೇಮವಾಗಿರುತ್ತದೆ. ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಿಸಬಹುದು. ‘ಬೋರ್ಡ್ ಹೋಗಿದೆ’ ಎಂದವರನ್ನು ಏನೇನು ಪರೀಕ್ಷಿಸಿದಿರಿ ಎಂದು ಕೇಳಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಉಳಿಸಲು ಸಾಧ್ಯವೇ ಇಲ್ಲವೆಂದಾದಾಗಲೂ ಡಿಸ್ಕ್ ಬಿಚ್ಚಿಟ್ಟುಕೊಂಡು, ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೇ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ.