ಗದ್ದೆಗೆ ನಷ್ಟ, ಕೊಳಚೆ ಘಟಕಕ್ಕೆ ಲಾಭ

ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ಹೋಗುವ ದಾರಿ ಹಲವು. ಅದರಲ್ಲೊಂದು ಹೀಗಿದೆ: ಕೆಸರಿನ ತೆಳು ಮೇಲ್ಪದರಕ್ಕೆ ಗಾಳಿ ಸಿಗುತ್ತದೆ, ಅಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಅದು ಕೆಳಕ್ಕಿಳಿದರೆ, ಅಲ್ಲಿ ಉಸಿರಾಟಕ್ಕೆ ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಗಾಳಿಪಾಲು. ನಮ್ಮ ದುಡ್ಡು ಗುಳ್ಳೆಯಾಗಿ ಹೋಯಿತು! ಪಟ್ಟಣದ ಕೊಳಚೆ ನೀರಿನ ಘಟಕದಲ್ಲಿ ಇದೇ ಕೆಲಸವನ್ನು ಬೇಕೆಂದೇ ಮಾಡಿಸುತ್ತಾರೆ.

ಇದರಿಂದ ನಮಗೇನು ಅಂತ ಕೇಳಬಹುದು. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲು ಶುರುಮಾಡಿದರು. ಕೆರೆ ತುಂಬಿದರೆ ಬೋರ್‌ವೆಲ್ಲಿಗೆ ಜೀವ, ಒಪ್ಪೋಣ. ಆದರೆ ನೀರಲ್ಲಿ ನೈಟ್ರೇಟ್ ಉಳಿದಿದ್ದರೆ ಅದೂ ಜೊತೆಗೇ ಇಂಗುತ್ತದೆ, ಮಣ್ಣಿಗೆ ಅಂಟಿ ನಿಲ್ಲುವ ಜಾತಿಯದ್ದಲ್ಲ ಅದು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಮೀರಿದರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇದೆ ಎಂದಿಟ್ಟುಕೊಳ್ಳಿ. ಅಷ್ಟೂ ನೈಟ್ರೇಟ್ ಆಗಿ ನಿಂತುಬಿಟ್ಟರೆ 177 ಮಿಲಿಗ್ರಾಂ ಆಯಿತು. ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ರಿಪೋರ್ಟಿನಲ್ಲಿ ಬಿಓಡಿಯೂ ಚೆನ್ನಾಗಿರುತ್ತದೆ.

ಹಾಗಾಗದಂತೆ ಘಟಕ ಕಟ್ಟುವ ಮೊದಲೇ ಲೆಕ್ಕ ಹಾಕುತ್ತಾರೆ. ಇದಕ್ಕೆ ಹೆಸರಾದ ಮಾದರಿ 1987ರದ್ದು. ಡೆನ್ಮಾರ್ಕಿನ ಮೊಗೆನ್ಸ್ ಹೆನ್ಸೆ ಮುಂದಾಳ್ತನದ ತಂಡ ಮಾಡಿದ್ದು. 13 ಪದಾರ್ಥ, 8 ಕ್ರಿಯೆ. ಯಾವುದು ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಜಮಾ-ಖರ್ಚಿನ ಪುಸ್ತಕ ಅಷ್ಟೇ. ಕೊಳೆ ತಿನ್ನುವ ಜೀವಿಗಳು 20 ಡಿಗ್ರಿಯಲ್ಲಿ ದಿನಕ್ಕೆ ಹೆಚ್ಚೆಂದರೆ 6ರ ದರದಲ್ಲಿ ಬೆಳೆಯುತ್ತವೆ ಎಂದು ಅದರಲ್ಲಿ ಹಿಡಿಯುತ್ತಾರೆ. ಅಮೋನಿಯಾ ತಿನ್ನುವವಕ್ಕೆ ಬರೇ 0.8. ಚಳಿಯಲ್ಲಿ, 10 ಡಿಗ್ರಿಗೆ ಇಳಿದರೆ, 0.3. ದೋಸೆ ಹಿಟ್ಟನ್ನು ಪೂರಾ ಹುಯ್ದುಬಿಟ್ಟರೆ ಮಾರನೇ ದಿನಕ್ಕೆ ಹುಳಿ ಬರಿಸಲು ಏನೂ ಉಳಿಯುವುದಿಲ್ಲವಲ್ಲ, ಹಾಗೆ ಇಲ್ಲಿಯೂ. ಕೆಸರನ್ನು ಅವಸರದಲ್ಲಿ ಹೊರಹಾಕಿದರೆ ಈ ನಿಧಾನಸ್ಥ ಜೀವಿಗಳು ತೊಳೆದೇ ಹೋಗುತ್ತವೆ. ನಮ್ಮ ಸೆಕೆ ಈ ವಿಷಯದಲ್ಲಿ ಒಳ್ಳೆಯದೇ.

ತೊಟ್ಟಿ ಎರಡು. ಗಾಳಿ ಊದುವ ತೊಟ್ಟಿಯಲ್ಲಿ ನೈಟ್ರೇಟ್ ಆಗುತ್ತದೆ. ಗಾಳಿ ಇಲ್ಲದ್ದರಲ್ಲಿ ಅದು ಹಾರಿಹೋಗುತ್ತದೆ. ವಿಚಿತ್ರ ಎಂದರೆ ಗಾಳಿ ಇಲ್ಲದ್ದನ್ನೇ ಮುಂದೆ ಇಡುತ್ತಾರೆ. ಕಾರಣ ಇದೆ: ನೈಟ್ರೇಟ್ ಒಡೆಯುವ ಜೀವಿಗಳಿಗೆ ಹೊಟ್ಟೆಗೆ ಬೇಕಲ್ಲ, ಆ ಆಹಾರ ಹಸಿ ಕೊಳಚೆಯಲ್ಲೇ ಇದೆ. ಹಾಗಾಗಿ ಹಿಂದಿನ ತೊಟ್ಟಿಯ ನೀರನ್ನು ಪಂಪಿನಿಂದ ಮುಂದಕ್ಕೆ ತಿರುಗಿಸುತ್ತಾರೆ. ಬರುವ ನೀರಿನ 4 ಪಟ್ಟು ತಿರುಗಿಸಿದರೆ ಐದರಲ್ಲೊಂದು ಪಾಲು ಹೊರಹೋಗುತ್ತದೆ; 40ರಲ್ಲಿ 8 ಉಳಿಯುತ್ತದೆ. ಅಂದರೆ 35 ಮಿಲಿಗ್ರಾಂ ನೈಟ್ರೇಟ್, ಮಿತಿಯೊಳಗೆ. ಹಾಗಾದರೆ 10 ಪಟ್ಟು ತಿರುಗಿಸೋಣ ಅಂದರೆ ನಡೆಯದು. ನೀರಿನ ಜೊತೆ ಗಾಳಿಯೂ ಮುಂದಿನ ತೊಟ್ಟಿಗೆ ಬಂದುಬಿಡುತ್ತದೆ, ಸುಲಭದ ಆಮ್ಲಜನಕ ಇರುವಾಗ ಜೀವಿಗಳು ನೈಟ್ರೇಟ್ ಮುಟ್ಟುವುದಿಲ್ಲ. ಕರೆಂಟು ಬಿಲ್ಲು ಬೇರೆ.

ಕರೆಂಟಿನ ಲೆಕ್ಕವೂ ಕೇಳಿ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಗ್ರಾಂ ಆಮ್ಲಜನಕ ಬೇಕು. ಆ ನೈಟ್ರೇಟನ್ನು ಒಡೆಸಿದರೆ 2.86 ಗ್ರಾಂ ವಾಪಸು ಸಿಕ್ಕಂತೆ. ಅರ್ಧಕ್ಕಿಂತ ಹೆಚ್ಚು!

ಇಂಥ ನೀರು ನಿಮ್ಮೂರ ಕೆರೆಗೆ ಬರುವುದಾದರೆ ಬಿಓಡಿ ಒಂದನ್ನೇ ಕೇಳಬೇಡಿ, ಒಟ್ಟು ಸಾರಜನಕ ಎಷ್ಟು, ನೈಟ್ರೇಟ್ ಎಷ್ಟು ಅಂತ ಕೇಳಿ. ರಿಪೋರ್ಟಿನಲ್ಲಿ 'ಸಾರಜನಕವಾಗಿ' ಅಂತ ಇದ್ದರೆ 4.43ರಿಂದ ಗುಣಿಸಿ, ಆಮೇಲೆ 45ಕ್ಕೆ ಹೋಲಿಸಿ. ಕುಡಿಯುವ ಬೋರ್‌ವೆಲ್ಲಿನ ನೀರನ್ನೂ ಪರೀಕ್ಷೆ ಮಾಡಿಸುವುದು ಲೇಸು. ಸಂಸ್ಕರಿಸಿದ ನೀರನ್ನು ಬೆಳೆಗೆ ಹಾಯಿಸುವವರು ಗೊಬ್ಬರದ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು. ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಇರುವ ನೀರನ್ನು ಎಕರೆಗೆ ಒಂದು ಇಂಚು ನಿಲ್ಲಿಸಿದರೆ ಸುಮಾರು 2 ಕಿಲೋ ಸಾರಜನಕ, ಅಂದರೆ ನಾಲ್ಕೂವರೆ ಕಿಲೋ ಯೂರಿಯಾ ಕೊಟ್ಟ ಹಾಗೆ. ಹತ್ತು ಸಲ ಹಾಯಿಸಿದರೆ 45 ಕಿಲೋದ ಒಂದು ಚೀಲ. ಅದರ ಮೇಲೆ ಮಾಮೂಲಿನಷ್ಟೇ ಗೊಬ್ಬರ ಹಾಕಿದರೆ ಭತ್ತ ಸೊಕ್ಕಿ ಮಲಗುತ್ತದೆ.